ಬಾಟಲಿಯ ಮೇಲಿನ ಹೆಸರಿಗೆ ಇನ್ನೂರು ವರ್ಷದ ಜಗಳ

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಇದು ಕುಡಿಯೋದಕ್ಕೆ ಕರೆಯೋಲೆ ಅಲ್ಲ. ಕುಡಿತದಿಂದ ಬೀದಿಗೆ ಬಿದ್ದ ಸಂಸಾರಗಳ ಸುದ್ದಿಯನ್ನ ಇದೇ ಬಾಯಲ್ಲಿ ಓದಿದವನು ನಾನು. ಕುಡಿಯದವರು ಶುರು ಮಾಡಬೇಕಾಗಿಲ್ಲ. ಕುಡಿಯೋರು ಇದನ್ನ ಓದಿ ಇನ್ನೊಂದು ಪೆಗ್ ಹಾಕ್ಕೊಳ್ಳಬೇಕಾಗಿಲ್ಲ. ಆದರೆ ಒಂದು ಬಾಟಲಿಗೆ ಹತ್ತು ಸಾವಿರ, ಇಪ್ಪತ್ತು ಸಾವಿರ ರೂಪಾಯಿ ಕೊಡೋ ಜನ ನಮ್ಮ ಬೆಂಗಳೂರಲ್ಲೇ ಇದ್ದಾರೆ ಅಂದಮೇಲೆ, ಆ ಬಾಟಲಿಯಲ್ಲಿ ಇರೋದೇನು, ಅದಕ್ಕೆ ಆ ಹೆಸರು ಬಂದದ್ದು ಹೇಗೆ ಅಂತ ಕೇಳೋದು ಪತ್ರಕರ್ತನ ಕೆಲಸ.

ಸ್ಕಾಟ್ಲೆಂಡಿನ ಸಿಂಗಲ್ ಮಾಲ್ಟ್ ಬಗ್ಗೆ ಮಾತಾಡೋ ರಸಿಕರನ್ನ ಕೇಳಿ ನೋಡಿ. ಅಲ್ಲಿನ ತೊರೆಯ ನೀರು, ಅಲ್ಲಿನ ಮಂಜು, ಅಲ್ಲಿನ ಸಮುದ್ರದ ಗಾಳಿ ಅಂತ ಶುರು ಮಾಡ್ತಾರೆ. ಸುಳ್ಳಲ್ಲ. ಆದರೆ ಅದು ಅರ್ಧ ಸತ್ಯ. ಉಳಿದರ್ಧ ಏನು ಗೊತ್ತಾ? ಸುಂಕದ ಅಧಿಕಾರಿ, ಪಾರ್ಲಿಮೆಂಟಿನ ಕಾಯ್ದೆ, ರೈಲು ಹಳಿ, ಕೋರ್ಟಿನ ತೀರ್ಪು. ಈ ಪಾನೀಯದ ಬಗ್ಗೆ ಸಿಗುವ ಅತ್ಯಂತ ಹಳೆಯ ದಾಖಲೆ ಎಲ್ಲಿದೆ ನೋಡಿ. 1494ನೇ ಇಸವಿಯ ಸ್ಕಾಟ್ಲೆಂಡ್ ಅರಮನೆಯ ಲೆಕ್ಕದ ಪುಸ್ತಕದಲ್ಲಿ! ಜಾನ್ ಕಾರ್ ಅನ್ನೋ ಸನ್ಯಾಸಿಗೆ, ದೊರೆಯ ಅಪ್ಪಣೆ ಮೇರೆಗೆ, ಜೀವಜಲ ತಯಾರಿಸಲು ಎಂಟು ಬೋಲ್ ಮಾಲ್ಟ್ ಕೊಡಲಾಯಿತು ಅಂತ ಬರೆದಿದೆ. ಬೋಲ್ ಅನ್ನೋದು ಅಲ್ಲಿನ ಧಾನ್ಯದ ಅಳತೆ. ಕವಿತೆಯಲ್ಲಿ ಅಲ್ಲ, ಪುರಾಣದಲ್ಲಿ ಅಲ್ಲ, ಖಜಾನೆಯ ಕಡತದಲ್ಲಿ ಸಿಗುತ್ತೆ ವಿಸ್ಕಿಯ ಮೊದಲ ಸುಳಿವು. ಅಲ್ಲಿಂದ ಇಲ್ಲಿಯವರೆಗೂ ಖಜಾನೆ ಅದರ ಬೆನ್ನು ಬಿಟ್ಟಿಲ್ಲ.

ಸಿಂಗಲ್ ಮಾಲ್ಟ್ ಅಂದ್ರೆ ಏನು? ರಾಗಿ ಮಾಲ್ಟ್ ಎಲ್ಲರಿಗೂ ಗೊತ್ತು. ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಪುಡಿ ಮಾಡೋದು. ಅದನ್ನೇ ಬಾರ್ಲಿಗೆ ಮಾಡಿದರೆ ಬಾರ್ಲಿ ಮಾಲ್ಟ್. ಅದಕ್ಕೆ ಬಿಸಿನೀರು ಹಾಕಿ ಸಿಹಿ ತೆಗೆದು, ಯೀಸ್ಟ್ ಹಾಕಿ ಹುಳಿ ಬರಿಸಿ, ತಾಮ್ರದ ಹಂಡೆಯಲ್ಲಿ ಬಟ್ಟಿ ಇಳಿಸಿ, ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿಸಿದರೆ ಮಾಲ್ಟ್ ವಿಸ್ಕಿ. ಇನ್ನು 'ಸಿಂಗಲ್' ಅಂದ್ರೆ ಒಂದೇ ಪೀಪಾಯಿ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಅಲ್ಲ. ಒಂದೇ ಡಿಸ್ಟಿಲರಿಯಲ್ಲಿ ತಯಾರಾದದ್ದು ಅಂತ ಅರ್ಥ. ಅಂದ್ರೆ ಅದು ರುಚಿಯ ಹೆಸರಲ್ಲ, ವಿಳಾಸದ ಹೆಸರು. ಇದನ್ನ ನೆನಪಿಟ್ಟುಕೊಳ್ಳಿ. ಮುಂದಿನ ಜಗಳವೆಲ್ಲ ಈ ವಿಳಾಸದ ಬಗ್ಗೆಯೇ.

ರುಚಿ ಹೋಲಿಸಿ ನೋಡೋಕೆ ಒಂದು ಕ್ರಮ ಇದೆ. ಹಗುರವಾದದ್ದು ಮೊದಲು, ಹೊಗೆಯದ್ದು ಕೊನೆಗೆ. ಹೊಗೆ ಮೊದಲು ಬಂದರೆ ಆಮೇಲೆ ನಾಲಿಗೆಗೆ ಬೇರೇನೂ ತಿಳಿಯಲ್ಲ. ಐಸ್ ಬೇಡ, ತಣ್ಣಗಾದಷ್ಟೂ ವಾಸನೆ ಮುದುಡುತ್ತೆ. ಟುಲಿಪ್ ಹೂವಿನ ಆಕಾರದ ಸಣ್ಣ ಗ್ಲಾಸು, ಚಮಚದಷ್ಟು ವಿಸ್ಕಿ, ನಾಲ್ಕು ಹನಿ ನೀರು. ಮೊದಲು ಮೂಗು, ಆಮೇಲೆ ನಾಲಿಗೆ. ಬಣ್ಣ ನೋಡಿ ಮಾರುಹೋಗಬೇಡಿ. ಸುಟ್ಟ ಸಕ್ಕರೆಯ ಬಣ್ಣ ಸೇರಿಸೋಕೆ ಅಲ್ಲಿನ ಕಾನೂನೇ ಅನುಮತಿ ಕೊಟ್ಟಿದೆ.

ಮೊದಲ ಗ್ಲಾಸು, ಗ್ಲೆನ್‌ಲಿವೆಟ್. ಹಗುರ, ಹೂವಿನ ವಾಸನೆ, ಮಾಗಿದ ಪೇರ್ ಹಣ್ಣು, ಒಂಚೂರು ಅನಾನಸ್. ಗಲಾಟೆಯಿಲ್ಲದ ಸಭ್ಯ ವಿಸ್ಕಿ. ಆದರೆ ಇದರ ಇತಿಹಾಸ ಸಭ್ಯ ಅಲ್ಲ, ಸ್ವಾಮಿ. ಲಿವೆಟ್ ಕಣಿವೆ ಪೂರ್ತಿ ಕಳ್ಳಬಟ್ಟಿಯ ಬೀಡು. ಸುಂಕ ಅಷ್ಟು ಜಾಸ್ತಿ ಇತ್ತು, ನಿಯಮ ಅಷ್ಟು ಬಿಗಿ ಇತ್ತು, ಸಣ್ಣ ರೈತ ಕಾನೂನುಬದ್ಧವಾಗಿ ಬಟ್ಟಿ ಇಳಿಸೋದೇ ಅಸಾಧ್ಯ. ರಾತ್ರಿ ಬಟ್ಟಿ, ಬೆಳಗಾಗೋದರೊಳಗೆ ಕುದುರೆ ಮೇಲೆ ಸಾಗಾಟ. ತಮಾಷೆ ನೋಡಿ. 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ಅವನು ಬಯಸಿದ್ದು ಇದೇ ಗ್ಲೆನ್‌ಲಿವೆಟ್ ವಿಸ್ಕಿ. ಅಂದ್ರೆ ಕಳ್ಳಮಾಲು! ರೋಥಿಮರ್ಕಸ್‌ನ ಎಲಿಜಬೆತ್ ಗ್ರಾಂಟ್ ಅನ್ನೋ ಹೆಣ್ಣುಮಗಳು ತನ್ನ ನೆನಪುಗಳಲ್ಲಿ ಬರೆದಿಟ್ಟಿದ್ದಾಳೆ, ತಮ್ಮ ಮನೆಯ ಉಗ್ರಾಣದಿಂದಲೇ ದೊರೆಗೆ ಅದನ್ನ ಕಳಿಸಿದ್ದು ಅಂತ. ಆ ಉಪಕಾರದ ನೆನಪಿನಿಂದಲೇ ಮುಂದೆ ಅವಳ ತಂದೆಗೆ ಇಂಡಿಯಾದಲ್ಲಿ ನ್ಯಾಯಾಧೀಶನ ಹುದ್ದೆ ಸಿಕ್ಕಿತು ಅಂತಲೂ ಅವಳೇ ಬರೀತಾಳೆ. ಕಳ್ಳಬಟ್ಟಿ ಕೊಟ್ಟು ಗಳಿಸಿದ ನ್ಯಾಯಪೀಠ, ಅದೂ ನಮ್ಮ ಬಾಂಬೆಯಲ್ಲಿ!

ಮರುವರ್ಷ, 1823ರಲ್ಲಿ, ಸರ್ಕಾರಕ್ಕೆ ಬುದ್ಧಿ ಬಂತು. ಸುಂಕ ಇಳಿಸಿ, ವರ್ಷಕ್ಕೆ ಹತ್ತು ಪೌಂಡಿಗೆ ಪರವಾನಗಿ ಕೊಡುವ ಅಬಕಾರಿ ಕಾಯ್ದೆ ಬಂತು. 1824ರಲ್ಲಿ ಆ ಕಣಿವೆಯಿಂದ ಪರವಾನಗಿ ಪಡೆದವನು ಜಾರ್ಜ್ ಸ್ಮಿತ್. ನೆರೆಹೊರೆಯ ಕಳ್ಳಬಟ್ಟಿಯವರು ಸುಮ್ಮನಿರ್ತಾರಾ? ನಿನ್ನನ್ನೂ ನಿನ್ನ ಡಿಸ್ಟಿಲರಿಯನ್ನೂ ಸುಡ್ತೀವಿ ಅಂದರು. ಅಬರ್ಲೋರ್‌ನ ಜಮೀನ್ದಾರ ಕೊಟ್ಟ ಎರಡು ಪಿಸ್ತೂಲು ಸೊಂಟದಲ್ಲಿಟ್ಟುಕೊಂಡೇ ಸ್ಮಿತ್ ಓಡಾಡಬೇಕಾಯ್ತು. ಅವನು ಗೆದ್ದ. ಗೆದ್ದ ಮೇಲೆ ಇನ್ನೊಂದು ತಲೆನೋವು. ಆ ಹೆಸರಿಗೆ ಬೆಲೆ ಬಂದಿದ್ದೇ ತಡ, ಎಲ್ಲೆಲ್ಲಿಯವರೋ ತಮ್ಮದೂ ಗ್ಲೆನ್‌ಲಿವೆಟ್ ಅನ್ನೋಕೆ ಶುರು ಮಾಡಿದರು. ಅವನ ಮಗ ಕೋರ್ಟಿಗೆ ಹೋದ. 1884ರಲ್ಲಿ ಇತ್ಯರ್ಥವಾಯ್ತು. 'ದಿ ಗ್ಲೆನ್‌ಲಿವೆಟ್' ಅನ್ನೋ ಹೆಸರು ಸ್ಮಿತ್ ಮನೆತನಕ್ಕೆ ಮಾತ್ರ. ಮಿಕ್ಕವರು ತಮ್ಮ ಹೆಸರಿನ ಪಕ್ಕ ಬಾಲದ ಹಾಗೆ ಅದನ್ನ ಅಂಟಿಸಿಕೊಳ್ಳಬಹುದು, ಅಷ್ಟೇ. ಬಾಟಲಿಯ ಮೇಲೆ ಇವತ್ತಿಗೂ ಆ 'ದಿ' ಇದೆ. ಎರಡು ಪಿಸ್ತೂಲು, ಒಂದು ಕೋರ್ಟ್ ಕೇಸು ಸೇರಿ ಗಳಿಸಿದ ಒಂದಕ್ಷರ ಅದು.

ಎರಡನೇ ಗ್ಲಾಸು, ಮಕ್ಯಾಲನ್. ಅದೇ ಸ್ಪೇ ನದಿಯ ಸೀಮೆ, ಅದೇ 1824ರ ಪರವಾನಗಿ. ಆದರೆ ರುಚಿ? ಒಣದ್ರಾಕ್ಷಿ, ಲವಂಗ, ಕಿತ್ತಳೆ ಸಿಪ್ಪೆ, ಕ್ರಿಸ್‌ಮಸ್ ಕೇಕು. ಬಾರ್ಲಿಯಿಂದ ಈ ರುಚಿ ಬರೋಕೆ ಸಾಧ್ಯಾನಾ? ಇಲ್ಲ. ಇದು ಬಂದದ್ದು ಪೀಪಾಯಿಯಿಂದ. ಸ್ಪೇನ್ ದೇಶದ ಶೆರಿ ಅನ್ನೋ ದ್ರಾಕ್ಷಾರಸವನ್ನ ಬ್ರಿಟನ್ನಿನ ಮಂದಿ ಮುಗಿಬಿದ್ದು ಕುಡೀತಿದ್ದ ಕಾಲ. ಅದು ಹಡಗಿನಲ್ಲಿ ಪೀಪಾಯಿ ಪೀಪಾಯಿಯಾಗಿ ಬರ್ತಿತ್ತು. ಖಾಲಿ ಪೀಪಾಯಿಯನ್ನ ವಾಪಸ್ ಕಳಿಸೋದು ದಂಡ. ವಿಸ್ಕಿಯವರು ಅಗ್ಗದಲ್ಲಿ ಕೊಂಡು ತಮ್ಮ ಸರಕು ತುಂಬಿದರು. ಜುಗ್ಗತನದಿಂದ ಶುರುವಾದದ್ದು ಕೊನೆಗೆ ಘನತೆಯಾಯ್ತು! 1980ರ ದಶಕದಲ್ಲಿ ಶೆರಿಯನ್ನ ಸ್ಪೇನಿನಲ್ಲೇ ಬಾಟಲಿಗೆ ತುಂಬಬೇಕು ಅಂತಾದಾಗ ಆ ಖಾಲಿ ಪೀಪಾಯಿಗಳೇ ನಿಂತುಹೋದವು. ಈಗ ಹೊಸ ಪೀಪಾಯಿ ಮಾಡಿಸಿ, ಅದಕ್ಕೆ ಶೆರಿ ತುಂಬಿಸಿ ಹದ ಮಾಡಿ ತರಿಸಿಕೊಳ್ತಾರೆ. ಕಾಸು ಉಳಿಸೋಕೆ ಹಿಡಿದ ದಾರಿಗೆ ಇವತ್ತು ಕೈತುಂಬಾ ಕಾಸು ಸುರೀಬೇಕು.

ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡೋ ನಿಯಮ ಎಲ್ಲಿಂದ ಬಂತು? ರುಚಿಗೋಸ್ಕರ ಅಂದ್ಕೊಂಡಿದ್ದೀರಾ? ಮೊದಲ ಮಹಾಯುದ್ಧದ ಸಮಯ. ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರು ಕುಡಿದು ಕೆಲಸಕ್ಕೆ ಚಕ್ಕರ್ ಹಾಕ್ತಿದ್ದಾರೆ ಅಂತ ಮಂತ್ರಿ ಲಾಯ್ಡ್ ಜಾರ್ಜ್ ಸಿಟ್ಟಾಗಿದ್ದ. ಪೂರ್ತಿ ನಿಷೇಧದ ಮಾತೂ ಎದ್ದಿತ್ತು. ಕೊನೆಗೆ ರಾಜಿ ಸೂತ್ರವಾಗಿ 1915ರಲ್ಲಿ ಒಂದು ಕಾಯ್ದೆ ಬಂತು. ಎಳೆಯ ಮದ್ಯ ಮಾರೋ ಹಾಗಿಲ್ಲ, ಮೊದಲು ಎರಡು ವರ್ಷ, ಆಮೇಲೆ ಮೂರು ವರ್ಷ ಪೀಪಾಯಿಯಲ್ಲಿರಬೇಕು. ಕುಡಿತ ಕಡಿಮೆ ಮಾಡೋಕೆ ತಂದ ಕಾನೂನು ವಿಸ್ಕಿಯ ಗುಣಮಟ್ಟಕ್ಕೆ ಕಾವಲಾಗಿ ನಿಂತುಬಿಡ್ತು. ಆ ಮೂರು ವರ್ಷದ ಷರತ್ತು ಇವತ್ತಿಗೂ ಹಾಗೇ ಇದೆ.

ಮೂರನೇ ಗ್ಲಾಸು, ಸ್ಪ್ರಿಂಗ್‌ಬ್ಯಾಂಕ್. ಒಂಚೂರು ಉಪ್ಪು, ಒಂಚೂರು ಎಣ್ಣೆಯ ಜಿಡ್ಡು, ದೂರದಲ್ಲೆಲ್ಲೋ ಹೊಗೆ. ಇದು ಕ್ಯಾಂಪ್‌ಬೆಲ್‌ಟೌನ್ ಅನ್ನೋ ಬಂದರು ಊರಿನದು. 1880ರ ದಶಕದಲ್ಲಿ ಆಲ್ಫ್ರೆಡ್ ಬರ್ನಾರ್ಡ್ ಅನ್ನೋ ಪತ್ರಕರ್ತ ಡಿಸ್ಟಿಲರಿಗಳ ಪ್ರವಾಸ ಹೊರಟಾಗ ಆ ಒಂದೇ ಪುಟ್ಟ ಊರಲ್ಲಿ 21 ಡಿಸ್ಟಿಲರಿ ಕಂಡಿದ್ದ. ಬೇಡಿಕೆ ಇದೆ ಅಂತ ಗುಣಮಟ್ಟ ಬಿಟ್ಟು ತಯಾರಿಸಿದರು. ಮಾಲು ಕೆಟ್ಟಿತು ಅನ್ನೋ ಮಾತು ಹಬ್ಬಿತು. ಮೀನಿನ ಪೀಪಾಯಿಯಲ್ಲಿ ತುಂಬ್ತಾರೆ ಅನ್ನೋ ಗಾಳಿಮಾತು ಬೇರೆ. ರೈಲು ಹತ್ತಿರವಿದ್ದ ಸ್ಪೇ ಸೀಮೆಯ ಕಡೆ ಕೊಳ್ಳುವವರು ಸರಿದರು. 1920ರಲ್ಲಿ ಅಮೆರಿಕ ಪಾನನಿಷೇಧ ತಂದಿತು. ಒಂದಾದ ಮೇಲೊಂದು ಚಿಮಣಿ ಆರಿತು. 1930ರ ದಶಕದ ಮಧ್ಯಕ್ಕೆ ಉಳಿದದ್ದು ಎರಡೇ ಎರಡು, ಸ್ಪ್ರಿಂಗ್‌ಬ್ಯಾಂಕ್ ಮತ್ತು ಗ್ಲೆನ್ ಸ್ಕೋಷಿಯಾ. ಒಂದು ಊರಿಗೆ ಊರೇ ಕೂಲಿ ಕಳ್ಕೊಂಡಿತು. ಹೆಸರಿನ ಮೇಲೆ ನಂಬಿಕೆ ಹೋದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಸ್ಪ್ರಿಂಗ್‌ಬ್ಯಾಂಕ್ ಉಳ್ಕೊಂಡಿತು. ಬಾರ್ಲಿ ಮೊಳಕೆ ಬರಿಸೋದರಿಂದ ಬಾಟಲಿಗೆ ತುಂಬೋವರೆಗೆ ಎಲ್ಲ ಇವತ್ತಿಗೂ ಒಂದೇ ಕಾಂಪೌಂಡಿನೊಳಗೆ.

ನಾಲ್ಕನೆಯದಕ್ಕೆ ಎರಡು ಗ್ಲಾಸು ಒಟ್ಟಿಗೆ ಇಡಬೇಕು. ಲಫ್ರೋಯ್ಗ್ ಮತ್ತು ಲಗಾವುಲಿನ್. ಎರಡೂ ಐಲಾ ದ್ವೀಪದವು. ಮರ ವಿರಳ, ಕಲ್ಲಿದ್ದಲು ಇಲ್ಲ. ಒಲೆಗೆ ಸಿಗೋದು ಪೀಟ್. ಜೌಗು ನೆಲದಲ್ಲಿ ಪಾಚಿ, ಹುಲ್ಲು ಸಾವಿರಾರು ವರ್ಷ ಕೊಳೆತು ಗಟ್ಟಿಯಾದ ಕಪ್ಪು ಮಣ್ಣು ಅದು. ಇಟ್ಟಿಗೆ ಥರ ಕೊಯ್ದು ಒಣಗಿಸಿದರೆ ಸೌದೆ ಹಾಗೆ ಉರಿಯುತ್ತೆ. ಅದರ ಹೊಗೆಯಲ್ಲಿ ಬಾರ್ಲಿ ಒಣಗಿಸಿದ್ದಕ್ಕೇ ಆ ವಾಸನೆ. ಲಗಾವುಲಿನ್ ಮೂಸಿದರೆ ಮಲೆನಾಡಿನ ಹಳೇ ಮನೆಯ ಅಟ್ಟ, ಒಲೆಯ ಹೊಗೆ, ಹಿಂದೆಯೇ ಸಿಹಿ. ಲಫ್ರೋಯ್ಗ್ ಮೂಸಿದರೆ? ಟಿಂಚರ್ ಅಯೋಡಿನ್, ಬ್ಯಾಂಡೇಜು, ದೊಡ್ಡಾಸ್ಪತ್ರೆಯ ವಾರ್ಡು! ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ ಇದನ್ನ ಔಷಧಿ ಅಂತ ಒಳಗೆ ಬಿಟ್ಟರು ಅನ್ನೋ ಕಥೆ ಇದೆ. ವಾಸನೆ ನೋಡಿದರೆ ನಂಬಬೇಕು ಅನ್ಸುತ್ತೆ.

ಇವೆರಡೂ ಅಕ್ಕಪಕ್ಕದವು. ಲಫ್ರೋಯ್ಗ್ ಮಾಲನ್ನ ಮಾರಾಟ ಮಾಡುವ ಏಜೆನ್ಸಿ ಲಗಾವುಲಿನ್‌ನ ಪೀಟರ್ ಮ್ಯಾಕಿ ಕೈಲಿತ್ತು. 1907ರಲ್ಲಿ ಅದು ತಪ್ಪಿಹೋಯ್ತು. ಸಿಟ್ಟಿಗೆದ್ದು ಪಕ್ಕದವರಿಗೆ ಹೋಗುವ ನೀರಿಗೇ ಅಡ್ಡಗಲ್ಲು ಹಾಕಿಸಿದ. ನೀರಿನ ಜಗಳ! ಕೋರ್ಟು ಛೀಮಾರಿ ಹಾಕಿ ನೀರು ಬಿಡಿಸಿತು. ಆಗ ಮ್ಯಾಕಿ ಇನ್ನೊಂದು ಆಟ ಕಟ್ಟಿದ. 1908ರಲ್ಲಿ ತನ್ನ ಆವರಣದೊಳಗೇ ಮಾಲ್ಟ್ ಮಿಲ್ ಅನ್ನೋ ಇನ್ನೊಂದು ಡಿಸ್ಟಿಲರಿ ಕಟ್ಟಿಸಿದ. ಲಫ್ರೋಯ್ಗ್‌ನ ಕೆಲಸಗಾರನನ್ನೇ ಕರೆತಂದ, ಅದೇ ಥರದ ಹಂಡೆ ಮಾಡಿಸಿದ. ಏನು ಮಾಡಿದರೂ ಲಫ್ರೋಯ್ಗ್ ರುಚಿ ಬರಲಿಲ್ಲ. ಆ ಮಾಲ್ಟ್ ಮಿಲ್ 1960ರ ದಶಕದಲ್ಲಿ ಮುಚ್ಚಿಹೋಯ್ತು. ಲಫ್ರೋಯ್ಗ್ ಮಾತ್ರ ಉಳೀತು. ಉಳಿಸಿದವರಲ್ಲಿ ಒಬ್ಬಳು ಬೆಸ್ಸಿ ವಿಲಿಯಮ್‌ಸನ್. 1934ರಲ್ಲಿ ಕೆಲವು ತಿಂಗಳ ಟೈಪಿಸ್ಟ್ ಕೆಲಸಕ್ಕೆ ಅಂತ ಬಂದ ಹುಡುಗಿ. ಮಾಲೀಕ ಇಯಾನ್ ಹಂಟರ್ 1954ರಲ್ಲಿ ತೀರಿಕೊಂಡಾಗ ಡಿಸ್ಟಿಲರಿಯನ್ನ ಅವಳ ಹೆಸರಿಗೇ ಬರೆದಿಟ್ಟಿದ್ದ. ಗಂಡಸರ ಕೋಟೆಯಾಗಿದ್ದ ಆ ಉದ್ಯಮದಲ್ಲಿ ಆ ಹೆಣ್ಣುಮಗಳು ವರ್ಷಗಟ್ಟಲೆ ಡಿಸ್ಟಿಲರಿ ನಡೆಸಿದಳು.

ಸರಿ, ಇಷ್ಟೊಂದು ಇತಿಹಾಸ ಇರೋ ಈ ಮಾಲ್ಟುಗಳು ನಮ್ಮ ಅಜ್ಜಂದಿರ ಕಾಲದಲ್ಲಿ ಯಾಕೆ ಕಾಣ್ತಿರಲಿಲ್ಲ? ಯಾಕಂದ್ರೆ ಅವು ಬೇರೆಯವರ ಹೆಸರಿನ ಬಾಟಲಿಯೊಳಗೆ ಕರಗಿಹೋಗ್ತಿದ್ದವು. 1830ರಲ್ಲಿ ಈನಿಯಸ್ ಕಾಫಿ ಅನ್ನೋ ಐರಿಷ್ ಮನುಷ್ಯ ಒಂದು ಯಂತ್ರಕ್ಕೆ ಪೇಟೆಂಟ್ ಪಡೆದ. ಅವನೂ ಮಾಜಿ ಅಬಕಾರಿ ಅಧಿಕಾರಿಯೇ! ಜೋಳ, ಗೋಧಿ ಯಾವುದಿದ್ದರೂ ಹಗಲೂ ರಾತ್ರಿ ನಿಲ್ಲದೆ ಅಗ್ಗದ ಸ್ಪಿರಿಟ್ ಇಳಿಸೋ ಯಂತ್ರ. ಆ ಅಗ್ಗದ ಸ್ಪಿರಿಟ್ಟಿಗೆ ಮಾಲ್ಟ್ ಬೆರೆಸಿದರೆ ಬ್ಲೆಂಡೆಡ್ ವಿಸ್ಕಿ. ಬೆರೆಸೋದು ತಪ್ಪಲ್ಲ, ಒಳ್ಳೆಯ ಬ್ಲೆಂಡ್ ಮಾಡೋದು ಒಂದು ವಿದ್ಯೆ. ಅಷ್ಟರಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆ ಫಿಲಾಕ್ಸೆರಾ ಹುಳ ಬಿದ್ದು ಬ್ರಾಂದಿಗೆ ಬರ ಬಂತು. ಆ ಜಾಗಕ್ಕೆ ಬ್ಲೆಂಡ್ ನುಗ್ಗಿತು.

ಹಣ ಹರಿದ ಕಡೆ ಮೋಸವೂ ಬರುತ್ತೆ. ಲೀತ್ ಪಟ್ಟಣದ ಪ್ಯಾಟಿಸನ್ ಸೋದರರ ಕಥೆ ಕೇಳಿ. ನಮ್ಮ ವಿಸ್ಕಿ ಕೊಳ್ಳಿ ಅಂತ ಕೂಗೋಕೆ ಕಲಿಸಿದ ನೂರಾರು ಗಿಳಿಗಳನ್ನ ಹೆಂಡದಂಗಡಿಗಳಿಗೆ ಹಂಚಿದ್ದರಂತೆ! ಅಗ್ಗದ ಸ್ಪಿರಿಟ್ಟಿಗೆ ಒಂದಿಷ್ಟು ಮಾಲ್ಟ್ ಹಾಕಿ ಉತ್ತಮ ಗ್ಲೆನ್‌ಲಿವೆಟ್ ಅಂತ ಮಾರಿದರು. 1898ರಲ್ಲಿ ದಿವಾಳಿ, 1901ರಲ್ಲಿ ಜೈಲು. ಅವರನ್ನ ನಂಬಿ ಸಾಲ ಕೊಟ್ಟ ಸಣ್ಣಪುಟ್ಟವರೂ ಮುಳುಗಿದರು. ಮೋಸ ಗಿಳಿಗೂ ಗೊತ್ತಿತ್ತೇನೋ, ಗ್ರಾಹಕನಿಗೆ ಗೊತ್ತಿರಲಿಲ್ಲ.

1905ರಲ್ಲಿ ಲಂಡನ್ನಿನ ಇಸ್ಲಿಂಗ್ಟನ್ ಆಡಳಿತ ಅಂಗಡಿಯವರ ಮೇಲೆ ಕೇಸು ಹಾಕಿತು. ನೀವು ವಿಸ್ಕಿ ಅಂತ ಮಾರ್ತಿರೋದು ವಿಸ್ಕಿಯೇ ಅಲ್ಲ ಅಂತ. ಹಾಗಾದ್ರೆ ವಿಸ್ಕಿ ಅಂದ್ರೇನು? ಇದಕ್ಕೆ ಉತ್ತರ ಹುಡುಕೋಕೆ ರಾಯಲ್ ಕಮಿಷನ್ನೇ ಕೂರಬೇಕಾಯ್ತು. 1909ರಲ್ಲಿ ವರದಿ ಬಂತು. ಎರಡೂ ವಿಸ್ಕಿಯೇ. ದೊಡ್ಡ ಬ್ಲೆಂಡಿನವರು ಗೆದ್ದರು. 1963ರಲ್ಲಿ ಗ್ಲೆನ್‌ಫಿಡಿಕ್‌ನವರು ಧೈರ್ಯ ಮಾಡಿ ತಮ್ಮ ಮಾಲ್ಟನ್ನ ತಮ್ಮದೇ ಹೆಸರಲ್ಲಿ ಸ್ಕಾಟ್ಲೆಂಡಿನ ಆಚೆ ಮಾರೋಕೆ ಹೊರಟಾಗ ಜನ ನಕ್ಕರು. ಅಂದ್ರೆ ನಾವು ಶತಮಾನಗಳ ಪರಂಪರೆ ಅಂದ್ಕೊಂಡಿರೋ ಸಿಂಗಲ್ ಮಾಲ್ಟ್ ವ್ಯಾಪಾರಕ್ಕೆ ವಯಸ್ಸು ಅರವತ್ತು ಚಿಲ್ಲರೆ ವರ್ಷ, ಅಷ್ಟೇ.

ಅಲ್ಲಿಗೂ ಮುಗೀಲಿಲ್ಲ. ಸ್ಪೇ ಸೀಮೆಯ ಕಾರ್ಡು ಅನ್ನೋ ಮಾಲ್ಟಿಗೆ ಸ್ಪೇನ್ ದೇಶದಲ್ಲಿ ಎಲ್ಲಿಲ್ಲದ ಬೇಡಿಕೆ ಬಂತು. ಅಷ್ಟು ಮಾಲಿಲ್ಲ. ಮಾಲೀಕ ಕಂಪನಿ ಡಿಯಾಜಿಯೊ ಏನು ಮಾಡಿತು? ಬೇರೆ ಡಿಸ್ಟಿಲರಿಗಳ ಮಾಲ್ಟನ್ನೂ ಬೆರೆಸಿ, 'ಸಿಂಗಲ್' ಪದ ತೆಗೆದು 'ಪ್ಯೂರ್' ಅಂತ ಹಾಕಿತು. ಹೆಸರು ಅದೇ, ಬಾಟಲಿ ಹೆಚ್ಚುಕಮ್ಮಿ ಅದೇ. 2003ರಲ್ಲಿ ಇಡೀ ಉದ್ಯಮ ತಿರುಗಿಬಿತ್ತು. ಪ್ಯೂರ್ ಅಂದ್ರೆ ಶುದ್ಧ ಅಂತ ಕೇಳೋಕೆ ಚೆಂದ, ಆದರೆ ವಿಳಾಸ ಎಲ್ಲಿ? ಕಂಪನಿ ಆ ಮಾಲು ವಾಪಸ್ ತಗೊಂಡಿತು. 2009ರ ನಿಯಮಾವಳಿ ಆ 'ಪ್ಯೂರ್ ಮಾಲ್ಟ್' ಅನ್ನೋ ಮಾತನ್ನೇ ನಿಷೇಧಿಸಿತು. ಒಂದೇ ಡಿಸ್ಟಿಲರಿ, ಬರೀ ಬಾರ್ಲಿ ಮಾಲ್ಟ್, ಹಂಡೆಯಲ್ಲೇ ಬಟ್ಟಿ, ಓಕ್ ಪೀಪಾಯಿ, ಸ್ಕಾಟ್ಲೆಂಡಿನಲ್ಲೇ ಕನಿಷ್ಠ ಮೂರು ವರ್ಷ. ಇಷ್ಟಿದ್ದರೆ ಮಾತ್ರ ಸಿಂಗಲ್ ಮಾಲ್ಟ್ ಸ್ಕಾಚ್.

ಈ ಜಗಳ ನಮ್ಮ ಊರಿಗೂ ಬಂದಿತ್ತು. ಬೆಂಗಳೂರಿನ ಖೋಡೆ ಕಂಪನಿ 1968ರಿಂದ ಪೀಟರ್ ಸ್ಕಾಟ್ ಅನ್ನೋ ವಿಸ್ಕಿ ತಯಾರಿಸ್ತಿತ್ತು. ಆ ಹೆಸರು ಕೇಳಿದರೆ ಸ್ಕಾಚ್ ಅಂತ ಜನ ಮೋಸಹೋಗ್ತಾರೆ ಅಂತ ಸ್ಕಾಚ್ ವಿಸ್ಕಿ ಅಸೋಸಿಯೇಷನ್ ಕಾನೂನು ಸಮರಕ್ಕೆ ಇಳೀತು. ಅದು ಸುಪ್ರೀಂ ಕೋರ್ಟಿನವರೆಗೂ ಹೋಯ್ತು. 2008ರಲ್ಲಿ ತೀರ್ಪು ಖೋಡೆ ಪರ ಬಂತು. ವಿಷಯ ಗೊತ್ತಿದ್ದೂ ಇಷ್ಟು ವರ್ಷ ಸುಮ್ಮನಿದ್ದು ಈಗ ಬಂದಿದ್ದೀರಿ ಅನ್ನೋದು ಕೋರ್ಟು ಕೊಟ್ಟ ದೊಡ್ಡ ಕಾರಣ.

ಅದಕ್ಕೂ ನಾಲ್ಕು ವರ್ಷ ಮುಂಚೆ, 2004ರಲ್ಲಿ, ಬೆಂಗಳೂರಿನದೇ ಇನ್ನೊಂದು ಕಂಪನಿ ಬೇರೆ ದಾರಿ ಹಿಡಿದಿತ್ತು. ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟನ್ನ ಮೊದಲು ಬಿಡುಗಡೆ ಮಾಡಿದ್ದು ಎಲ್ಲಿ ಗೊತ್ತಾ? ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ! ಕುಂಬಾರನ ಮನೆಗೇ ಮಡಕೆ ಮಾರೋಕೆ ಹೋದ ಹಾಗೆ. ಸ್ಕಾಟ್ಲೆಂಡಿನ ಚಳಿಗೆ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇಕಡ 2ರಷ್ಟು ಆವಿಯಾಗುತ್ತೆ. ದೇವತೆಗಳ ಪಾಲು ಅಂತಾರೆ ಅದಕ್ಕೆ. ಬೆಂಗಳೂರಿನ ಸೆಕೆಗೆ ಅದು ಶೇಕಡ 10 ದಾಟುತ್ತೆ. ನಮ್ಮ ದೇವತೆಗಳಿಗೆ ಬಾಯಾರಿಕೆ ಜಾಸ್ತಿ! ಆದರೆ ಅದೇ ಸೆಕೆ ಮರದ ಸಾರವನ್ನ ಬೇಗ ಎಳೆಯುತ್ತೆ. ನಾಲ್ಕೈದು ವರ್ಷಕ್ಕೇ ಮಾಗಿದ ರುಚಿ. 2010ರ ಆವೃತ್ತಿಯ 'ವಿಸ್ಕಿ ಬೈಬಲ್'ನಲ್ಲಿ ಜಿಮ್ ಮರ್ರಿ ಅಮೃತ್ ಫ್ಯೂಷನ್‌ಗೆ ಜಗತ್ತಿನ ಮೂರನೇ ಸ್ಥಾನ ಕೊಟ್ಟ. ಅದು ಐದನೇ ಗ್ಲಾಸು. ನಮ್ಮ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನ ಪೀಟ್ ಹೊಗೆಯ ಬಾರ್ಲಿ ಸೇರಿಸಿದ್ದು, ಅದನ್ನ ಮುಚ್ಚಿಡದೆ ಹೆಸರಲ್ಲೇ ಹೇಳಿದ್ದು.

ನನ್ನ ಪ್ರಶ್ನೆ ಇರೋದು ಇಲ್ಲಿ. 2025ರ ಜುಲೈನಲ್ಲಿ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ಸ್ಕಾಚ್ ಮೇಲಿನ ಆಮದು ಸುಂಕ ಶೇಕಡ 150ರಿಂದ 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಯುತ್ತೆ ಅನ್ನೋ ಲೆಕ್ಕ. ಐಷಾರಾಮಿ ಬಾಟಲಿ ಕೊಳ್ಳುವವನಿಗೆ ಇನ್ನೂರು ವರ್ಷದ ಕಾನೂನಿನ ಕಾವಲಿದೆ. ಬಾರ್ಲಿ ಎಷ್ಟು, ಪೀಪಾಯಿ ಯಾವುದು, ವರ್ಷ ಎಷ್ಟು, ಎಲ್ಲಕ್ಕೂ ಉತ್ತರ ಇದೆ. ಆದರೆ ದಿನಗೂಲಿ ಮಾಡಿ ಸಂಜೆ ಒಂದು ಕ್ವಾರ್ಟರ್ ಕೊಳ್ಳುವವನಿಗೆ? ನಮ್ಮಲ್ಲಿ ಕಬ್ಬಿನ ಕಾಕಂಬಿಯಿಂದ ತೆಗೆದ ಸ್ಪಿರಿಟ್ಟಿಗೂ ವಿಸ್ಕಿ ಅಂತಲೇ ಹೆಸರು. ಯುರೋಪಿನಲ್ಲಿ ಅದನ್ನ ಆ ಹೆಸರಲ್ಲಿ ಮಾರೋ ಹಾಗಿಲ್ಲ, ಯಾಕಂದ್ರೆ ವಿಸ್ಕಿ ಅಂದ್ರೆ ಧಾನ್ಯದಿಂದಲೇ ಆಗಬೇಕು ಅಂತ ಅಲ್ಲಿ ಕಾನೂನು. ಕಾಕಂಬಿಯದ್ದು ಕೀಳು ಅಂತ ನಾನು ಹೇಳ್ತಿಲ್ಲ. ಅದು ಕಾಕಂಬಿಯದ್ದು ಅಂತ ದೊಡ್ಡಕ್ಷರದಲ್ಲಿ ಕನ್ನಡದಲ್ಲಿ ಬರೆಯಿರಿ ಅಂತ ಹೇಳ್ತಿದ್ದೀನಿ. ರಾಜ್ಯದ ಬೊಕ್ಕಸ ತುಂಬೋದು ಸಾವಿರದ ಬಾಟಲಿಯಿಂದ ಅಲ್ಲ, ಆ ಕ್ವಾರ್ಟರ್‌ಗಳಿಂದ. ತೆರಿಗೆ ಕಟ್ಟೋನಿಗೆ ತಾನು ಕುಡೀತಿರೋದು ಏನು ಅಂತ ತಿಳ್ಕೊಳ್ಳೋ ಹಕ್ಕಾದರೂ ಬೇಡವಾ?